ಎನ್ಸೆಂಬಲ್ ಜೀನೋಮ್ ಸೇವೆ: ಎಸ್‌ಆರ್‌ವೈ ವಂಶವಾಹಿಯ ಮೂಲ ಹುಡುಕುವವರಿಗೆ

ಲಿಂಗನಿರ್ಧಾರದ ಪಾಠದಲ್ಲಿ, ಭ್ರೂಣ ಗಂಡಾಗಿ ಬೆಳೆಯಲು ಚಾಲನೆ ಕೊಡುವ, ವೈ ವರ್ಣತಂತುವಿನ ಎಸ್‌ಆರ್‌ವೈ ವಂಶವಾಹಿಯ ಹೆಸರು ಹೇಳಿ ಮುಂದೆ ಸಾಗುವುದು ರೂಢಿ. ಅದು ಎಲ್ಲಿದೆ, ಎಲ್ಲಿಂದ ಬಂತು ಎಂಬುದನ್ನು ಕಾರವಾರದ ನನ್ನ ಪದವಿ ವಿದ್ಯಾರ್ಥಿಗಳು ತಾವೇ ನೋಡಿ ತಿಳಿಯಬೇಕೆಂಬ ಆಸೆಯಿಂದ, ಜೀವಿಗಳ ಜೀನೋಮನ್ನು (ಪೂರ್ಣ ಡಿಎನ್‌ಎಯನ್ನು) ನಕ್ಷೆಯಾಗಿ ತೋರಿಸುವ ಎನ್ಸೆಂಬಲ್ ಜಾಲತಾಣವನ್ನು ಬಳಸತೊಡಗಿದೆ. ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ನಡೆಸುವ ಈ ಸೇವೆ ಸಂಪೂರ್ಣ ಉಚಿತ.

ಮಾನವನ ಎಸ್‌ಆರ್‌ವೈ ಹುಡುಕಿದರೆ ಅದು ವೈ ವರ್ಣತಂತುವಿನ ಗಿಡ್ಡ ತೋಳಿನಲ್ಲಿ, ತುದಿಯಿಂದ ಸುಮಾರು 27.87 ಲಕ್ಷ ಪ್ರತ್ಯಾಮ್ಲಗಳ (ಡಿಎನ್‌ಎಯ ಅಕ್ಷರಗಳ) ದೂರದಲ್ಲಿ ಕಾಣಿಸುತ್ತದೆ. ಒಂದೇ ಎಕ್ಸಾನ್ (ಪ್ರೋಟೀನಿನ ಸೂಚನೆ ಇರುವ ತುಂಡು), 204 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಎಕ್ಸ್ ಮತ್ತು ವೈ ತಮ್ಮ ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುವ ವಲಯದ ಗಡಿ ಇಲ್ಲಿಂದ ಐದೂವರೆ ಸಾವಿರ ಪ್ರತ್ಯಾಮ್ಲಗಳಷ್ಟೇ ದೂರದಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಕಂಡಾಗ, ಆ ವಿನಿಮಯ ತುಸು ಗಡಿ ಮೀರಿ ಈ ವಂಶವಾಹಿ ಎಕ್ಸ್‌ಗೆ ಸೇರಿದರೂ ಎರಡು ಎಕ್ಸ್ ಇರುವ ವ್ಯಕ್ತಿ ಗಂಡಾಗಿ ಬೆಳೆಯಬಹುದೆಂಬುದು ತಾನಾಗಿಯೇ ಅರ್ಥವಾಗುತ್ತದೆ. ಅಂಥವರಲ್ಲಿ ಉಳಿದಿದ್ದ ವೈ ತುಣುಕುಗಳ ನೆರವಿನಿಂದಲೇ ಲಂಡನ್ನಿನ ಪೀಟರ್ ಗುಡ್‌ಫೆಲೋ ಮತ್ತು ರಾಬಿನ್ ಲವೆಲ್-ಬ್ಯಾಜ್ ಅವರ ತಂಡಗಳು ಹುಡುಕಾಟವನ್ನು 35 ಸಾವಿರ ಪ್ರತ್ಯಾಮ್ಲಗಳಿಗೆ ಇಳಿಸಿ 1990ರಲ್ಲಿ ಈ ವಂಶವಾಹಿಯನ್ನು ಗುರುತಿಸಿದವು. ಅದಕ್ಕೂ ಮೊದಲು, 1987ರಲ್ಲಿ, ಝಡ್‌ಎಫ್‌ವೈ ಎಂಬ ಬೇರೊಂದು ವಂಶವಾಹಿಗೆ ಲಿಂಗ ನಿರ್ಧರಿಸುವ ಆ ಸ್ಥಾನ ಸಿಕ್ಕಿತ್ತು. ಕಾಂಗರೂವಿನಂಥ ಹೊಟ್ಟೆಚೀಲದ ಪ್ರಾಣಿಗಳಲ್ಲಿ ಅದರ ಬಂಧುಗಳು ಲಿಂಗ ವರ್ಣತಂತುಗಳ ಮೇಲೆ ಇಲ್ಲವೇ ಇಲ್ಲ ಎಂದು ತಿಳಿದಾಗ ಆ ವಾದ ಸಡಿಲವಾಯಿತು. ಈ ಚರಿತ್ರೆಯನ್ನು ನಕ್ಷೆ ಹೇಳುವುದಿಲ್ಲ, ಅಧ್ಯಾಪಕರೇ ಹೇಳಬೇಕು.

ಸೇವೆಯ ನಿಜವಾದ ಶಕ್ತಿ ಇರುವುದು ಪ್ರಾಣಿಗಳ ನಡುವಿನ ಹೋಲಿಕೆಯಲ್ಲಿ. ಎಸ್‌ಆರ್‌ವೈಗೆ ಅತಿ ಹತ್ತಿರದ ಬಂಧುವಾದ ಎಸ್‌ಒಎಕ್ಸ್‌3 ಮಾನವನ ಎಕ್ಸ್ ವರ್ಣತಂತುವಿನ ಉದ್ದ ತೋಳಿನಲ್ಲಿದೆ. ಅದನ್ನೇ ಕೋಳಿಯಲ್ಲಿ ಹುಡುಕಿದರೆ 4ನೇ ವರ್ಣತಂತುವಿನಲ್ಲಿ, ಮೊಟ್ಟೆಯಿಡುವ ಸಸ್ತನಿಯಾದ ಪ್ಲಾಟಿಪಸ್‌ನಲ್ಲಿ ಹುಡುಕಿದರೆ 6ನೇ ವರ್ಣತಂತುವಿನಲ್ಲಿ ಸಿಗುತ್ತದೆ; ಎರಡೂ ಲಿಂಗ ವರ್ಣತಂತುಗಳಲ್ಲ. ಗಂಡು ಪ್ಲಾಟಿಪಸ್‌ಗೆ ಐದು ಎಕ್ಸ್ ಮತ್ತು ಐದು ವೈ ಇದ್ದರೂ ಅದರಲ್ಲಿ ಎಸ್‌ಆರ್‌ವೈ ಇಲ್ಲ. ಅಂದರೆ ನಮ್ಮ ಎಕ್ಸ್ ಮತ್ತು ವೈ ಒಂದು ಕಾಲದಲ್ಲಿ ಸಾಮಾನ್ಯ ಜೋಡಿಯಾಗಿದ್ದವು, ಅದರಲ್ಲೊಂದರ ಮೇಲಿದ್ದ ಎಸ್‌ಒಎಕ್ಸ್‌3 ಪ್ರತಿಯೇ ಮಾರ್ಪಟ್ಟು ಎಸ್‌ಆರ್‌ವೈ ಆಯಿತು ಎಂದು 1994ರಲ್ಲಿ ತಳಿವಿಜ್ಞಾನಿ ಜೆನಿಫರ್ ಗ್ರೇವ್ಸ್ ಮತ್ತು ಅವರ ಸಹೋದ್ಯೋಗಿ ಮಂಡಿಸಿದ ವಿಚಾರಕ್ಕೆ ಬೇಕಾದ ಪುರಾವೆಯನ್ನು ವಿದ್ಯಾರ್ಥಿ ತನ್ನ ಕಣ್ಣಿನಿಂದಲೇ ಕಾಣಬಲ್ಲ. ಇಷ್ಟೊಂದು ನೇರವಾಗಿ ವಿಕಾಸವನ್ನು ತೋರಿಸುವ ಬೋಧನಾ ಸಾಧನ ನನಗೆ ಬೇರೆ ಸಿಕ್ಕಿಲ್ಲ.

ಆದರೆ ವಂಶವಾಹಿಗಳ ಬಂಧುತ್ವವನ್ನು ತೋರಿಸುವ ವಂಶವೃಕ್ಷದ ಪುಟವನ್ನು ಎಚ್ಚರದಿಂದ ಓದಬೇಕು. ಡಿಎನ್‌ಎಗೆ ಅಂಟಿಕೊಳ್ಳುವ ಎಚ್‌ಎಂಜಿ ಭಾಗದ ಹೊರಗೆ ಎಸ್‌ಆರ್‌ವೈ ಬಹಳ ವೇಗವಾಗಿ ಬದಲಾಗಿರುವುದರಿಂದ ಹೋಲಿಸಲು ಉಳಿಯುವ ಅಕ್ಷರಗಳು ಕಡಿಮೆ, ಹಾಗಾಗಿ ಕವಲುಗಳ ಕ್ರಮವನ್ನು ಖಚಿತವೆಂದು ನಂಬುವಂತಿಲ್ಲ. ಪುಟಗಳು ಇಂಗ್ಲಿಷಿನಲ್ಲಿದ್ದು ಮಾಹಿತಿ ಕಿಕ್ಕಿರಿದಿರುವುದರಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ಎಲ್ಲಿ ಒತ್ತಬೇಕೆಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡುವುದು ಅಗತ್ಯ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಲಾಗದ ಶಿರಸಿ, ಸಿದ್ದಾಪುರದ ಕಾಲೇಜುಗಳವರು ಬೇಕಾದ ಡಿಎನ್‌ಎ ಅನುಕ್ರಮಗಳನ್ನು ಮೊದಲೇ ಇಳಿಸಿಕೊಂಡರೆ ತರಗತಿ ನಿಲ್ಲುವುದಿಲ್ಲ.