ಅಗ್ಗಿಷ್ಟಿಕೆಯ ಮುಂದಿನ ನೆಲಕ್ಕೆ ಯಾವುದು: ವಿಟ್ರಿಫೈಡ್, ಕಡಪ, ಮಂಗಳೂರು ಹಂಚು?

ಸಕಲೇಶಪುರದ ಹತ್ತಿರ ನಮ್ಮದೊಂದು ಹಳೇ ತೋಟದ ಬಂಗಲೆ ಇದೆ, ಬ್ರಿಟಿಷರ ಕಾಲದ್ದು. ಹಾಲ್‌ನಲ್ಲೊಂದು, ಅಜ್ಜಿಯ ಕೋಣೆಯಲ್ಲೊಂದು ಅಗ್ಗಿಷ್ಟಿಕೆ. ಆಷಾಢದ ಮಳೆ ಹಿಡಿದರೆ ಬಟ್ಟೆ ಒಣಗುವುದೂ ಅಲ್ಲೇ, ಅಜ್ಜಿ ಕಾಲು ಕಾಯಿಸುವುದೂ ಅಲ್ಲೇ. ಎರಡರ ಮುಂದಿನ ನೆಲವೂ ಹಾಳಾಗಿತ್ತು. ಮೂರು ಬಗೆ ಹಾಕಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಲ್‌ಗೆ ವಿಟ್ರಿಫೈಡ್ ಹಾಕಿಸಿದೆವು. ಪೇಟೆಯಿಂದ ಬಂದವರು ಹಳೇ ನೆಲದ ಮೇಲೇ ಸಿಮೆಂಟ್ ಹಾಲು ಸುರಿದು ಎರಡಡಿಯ ಟೈಲ್ಸ್ ಕೂರಿಸಿದರು. ‘ಹತ್ತು ವರ್ಷ ಅಲ್ಲಾಡಲ್ಲ ಸಾರ್’ ಅಂದರು. ಮೊದಲ ಮಳೆಗಾಲದಲ್ಲೇ ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಿಗ್ಗೆ ಬೆರಳ ಗೆಣ್ಣಿನಿಂದ ಕುಟ್ಟಿದರೆ ಖಾಲಿ ಡಬ್ಬದ ಹಾಗೆ ಕೇಳಿಸಿತು. ವಿಟ್ರಿಫೈಡ್ ನೀರನ್ನೇ ಕುಡಿಯುವುದಿಲ್ಲ, ಅರ್ಧ ಪರ್ಸೆಂಟೂ ಇಲ್ಲ. ಹಾಗಿರುವಾಗ ಬರೀ ಸಿಮೆಂಟ್ ಅದನ್ನು ಹೇಗೆ ಹಿಡಿದೀತು? ಮೇಲಾಗಿ ಅಷ್ಟು ದೊಡ್ಡ ಬಿಲ್ಲೆಯ ಒಂದು ಅಂಚು ಬೆಂಕಿಗೆ ಕಾಯುತ್ತಿರುತ್ತದೆ, ಇನ್ನೊಂದು ಅಂಚು ತಣ್ಣಗೇ ಇರುತ್ತದೆ. ಒಂದು ಮಾತು ಒಪ್ಪಬೇಕು, ಬೂದಿ ಒರೆಸುವುದು ಮಾತ್ರ ಬಹಳ ಸುಲಭ.

ಅದನ್ನು ಎಬ್ಬಿಸಿದಾಗ ಅಸಲಿ ರೋಗ ಕಂಡಿತು. ಕೆಳಗಿದ್ದದ್ದು ಹಳೇ ಸುಣ್ಣದ ಗಾರೆ. ಹೊರಗಿನ ಅಂಚಿನಲ್ಲಿ ಕಲ್ಲಿನಂತಿತ್ತು. ಬೆಂಕಿಯ ಬಾಯಿಯ ಹತ್ತಿರ ಉಳಿ ಇಟ್ಟರೆ ಸುತ್ತಿಗೆಯೇ ಬೇಡ, ಅವಲಕ್ಕಿ ಚೀಲಕ್ಕೆ ಕೈ ಹಾಕಿದ ಹಾಗೆ ಒಳಗೆ ಇಳಿಯಿತು. ಇದರ ಮೇಲೆ ಚಿನ್ನ ಹಾಸಿದ್ದರೂ ಏಳುತ್ತಿತ್ತು. ನಮ್ಮ ಊರಿನ ಮೇಸ್ತ್ರಿ ಪುಡಿಯಾದದ್ದನ್ನೆಲ್ಲ ಕೆರೆದು ತೆಗೆದು, ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲಸಿ ತುಂಬಿದರು. ಅಜ್ಜಿಯ ಕೋಣೆಯಲ್ಲೂ ಅದನ್ನೇ ಮಾಡಿದರು.

ಆ ಬೇಸಿಗೆಯಲ್ಲೇ ಹಾಲ್‌ಗೆ ಕಡಪ, ಅಜ್ಜಿಯ ಕೋಣೆಗೆ ನೆಲಕ್ಕೆ ಹಾಸುವ ಮಂಗಳೂರು ಹಂಚು. ಎರಡೂ ಎರಡು ಮಳೆಗಾಲ ಕಂಡಿವೆ.

ಕಡಪ ನೋಡೋಕೆ ಗತ್ತು. ಐದಡಿಗೆ ಎರಡಡಿ, ಒಂದೇ ಕಲ್ಲು, ಸಂದೇ ಇಲ್ಲ. ಬೆಂಕಿ ಆರಿದ ಮೇಲೂ ಬೆಚ್ಚಗಿರುತ್ತದೆ, ಬರಿಗಾಲಿಗೆ ಸುಖ. ಆದರೆ ಅದು ಪದರ ಪದರದ ಸುಣ್ಣಕಲ್ಲು. ಬೆಂಕಿ ಕಡೆಯ ಒಂದು ಮೂಲೆ ಈಗ ಈರುಳ್ಳಿ ಸಿಪ್ಪೆಯಂತೆ ಏಳುತ್ತಿದೆ. ನಿಂಬೆ ಟೀ ಚೆಲ್ಲಿದ ಜಾಗದಲ್ಲಿ ಲೋಟದ ತಳದಷ್ಟು ಬಿಳಿ ಗುರುತು ಹಾಗೇ ಇದೆ. ಹುಳಿ ಬಿದ್ದರೆ ಆ ಕಲ್ಲು ತಡೆಯುವುದಿಲ್ಲ.

ಹಂಚು ಆರಿಂಚಿನ ಚೌಕ. ಹತ್ತು ಸಾಲು, ಸಾಲಿಗೆ ನಾಲ್ಕು. ಮೇಸ್ತ್ರಿ ಮೊದಲು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರು. ಗುಳ್ಳೆ ನಿಂತ ಮೇಲೆ ತೆಗೆದು, ಸುಣ್ಣದ ಗಾರೆಯಲ್ಲೇ ಕೂರಿಸಿ ಸಂದಿಗೂ ಅದನ್ನೇ ತುಂಬಿದರು. ಒಣಹಂಚಾದರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಕಲೆ ಮಾತ್ರ ಜಾಸ್ತಿ. ಮೊದಲ ವಾರವೇ ಅಜ್ಜಿಯ ಎಣ್ಣೆ ಬಟ್ಟಲು ಮಗುಚಿತು, ಆ ಕಪ್ಪು ಇವತ್ತಿಗೂ ಹೋಗಿಲ್ಲ. ಕಳೆದ ವರ್ಷ ಸಿಲ್ವರ್ ಓಕ್ ಕೊರಡು ಬಿದ್ದು ಒಂದು ಹಂಚು ಒಡೆಯಿತು. ನಾನೇ ಉಳಿಯಲ್ಲಿ ತೆಗೆದು, ಅರ್ಧ ಗಂಟೆಯಲ್ಲಿ ಹೊಸದು ಕೂರಿಸಿದೆ. ನನ್ನ ಓಟು ಇದಕ್ಕೆ ಬಿದ್ದದ್ದು ಆವತ್ತೇ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಲ್ಲಿ ಶುರು ಮಾಡಿದ ಹಂಚಿನ ಜಾತಿಯೇ ನಮ್ಮ ಮಾಡಿನ ಮೇಲೂ ಇದೆ. ಹಾಗಾಗಿ ಮೇಲೆ ಕೆಳಗೆ ಒಂದೇ ಬಣ್ಣ, ಚೆನ್ನಾಗಿ ಹೊಂದುತ್ತದೆ ಅಲ್ವಾ?

ಬೆಂಕಿ ಉರಿಯುವ ಗೂಡಿನೊಳಕ್ಕೆ ಮಾತ್ರ ಈ ಮೂರೂ ಬೇಡ. ಅಲ್ಲಿಗೆ ಬೆಂಕಿ ತಾಳುವ ಇಟ್ಟಿಗೆ (ಫೈರ್ ಬ್ರಿಕ್), ಬೆಂಕಿ ತಾಳುವ ಜೇಡಿಯ (ಫೈರ್ ಕ್ಲೇ) ಗಾರೆಯೇ ಆಗಬೇಕು. ಆ ಇಟ್ಟಿಗೆಗೂ ಮುಂದಿನ ನೆಲಕ್ಕೂ ನಡುವೆ ಕಿರುಬೆರಳಗಲ ಸಂದು ಬಿಟ್ಟು ಸುಣ್ಣ ತುಂಬಿಸಿ, ಸಿಮೆಂಟ್ ಬೇಡ. ಕಾದಾಗ ಹಿಗ್ಗೋಕೆ ಜಾಗ ಇರಲಿ. ಸುಣ್ಣದ ಗಾರೆ ಗಟ್ಟಿಯಾಗಲಿ ಅಂತ ನಾವು ಒಂದು ತಿಂಗಳು ಬೆಂಕಿಯನ್ನೇ ಹಾಕಲಿಲ್ಲ. ಆಮೇಲೂ ಒಂದು ವಾರ ಬರೀ ಪುಳ್ಳೆ. ಅಜ್ಜಿ ಬೈದಿದ್ದು ಬೇರೆ ವಿಷಯ.

ಬರುವ ಬೇಸಿಗೆಗೆ ಹಾಲ್‌ನಲ್ಲೂ ಹಂಚು ಹಾಕಿಸುತ್ತೇನೆ. ಕಡಪ ಕಲ್ಲಿನ ಸಿಪ್ಪೆ ಎದ್ದ ಮೂಲೆ ಕತ್ತರಿಸಿದರೆ ಉಗ್ರಾಣದ ಶೆಲ್ಫಿಗೆ ಅಳತೆ ಸರಿಯಾಗುತ್ತದೆ. ಟೇಪ್ ಹಿಡಿದು ನೋಡಿದ್ದಾಗಿದೆ.