ಕ್ರಿಯಾಪದ ಬರುವವರೆಗೂ ಕಾಯದ ಧ್ವನಿ ಸಹಾಯಕ: ಮೂರೂವರೆ ವರ್ಷ ಬಳಸಿದ ಮೇಲೆ

ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಮೊದಲ ವರ್ಷವೇ ಬರೆಯಲು ಕುಳಿತಿದ್ದರೆ ಒಂದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ.

ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದಾಗ ಮೊಬೈಲಿನ ಧ್ವನಿ ಸಹಾಯಕವನ್ನು ಕನ್ನಡಕ್ಕೆ ಬದಲಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಸಾಸಿವೆ ಡಬ್ಬಿಗೆ ಒರಗಿಸಿ ಇಟ್ಟೆ. ಅಲಾರಂ, ಫೋನ್ ಕರೆ, ಭಕ್ತಿಗೀತೆ, ಕುಕ್ಕರ್ ಆರಿಸುವ ನೆನಪು. ಅಮ್ಮನಿಗೆ ಬೇಕಿದ್ದದ್ದು ಇಷ್ಟೇ.

ಕೇಳಿದ್ದನ್ನು ಅಕ್ಷರಕ್ಕಿಳಿಸುವುದರಲ್ಲಿ ಅದರ ಮೇಲೆ ದೊಡ್ಡ ದೂರಿಲ್ಲ, ಮಿಕ್ಸಿ ತಿರುಗುತ್ತಿರಬಾರದು ಅಷ್ಟೇ. ಎಡವುವುದು ಮಾತಿನ ಸರದಿಯಲ್ಲಿ. ಅಮ್ಮ "ನಾಳೆ ಬೆಳಿಗ್ಗೆ" ಎಂದು ಶುರುಮಾಡಿ, ನಾಳೆ ಏಕಾದಶಿಯೋ ದ್ವಾದಶಿಯೋ ಎಂದು ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ನೋಡಿ, "ಐದೂಕಾಲಿಗೆ ಎಬ್ಬಿಸು" ಎನ್ನುವಷ್ಟರಲ್ಲಿ ಅದು ನಾಳೆಯ ಹವಾಮಾನ ಓದಲು ಹೊರಟಿರುತ್ತದೆ. ಇಷ್ಟು ಹೊತ್ತು ಸದ್ದಿಲ್ಲ ಎಂದರೆ ಮಾತು ಮುಗಿಯಿತು ಎಂಬುದು ಅದರ ಲೆಕ್ಕ. "ಸೆಟ್ ಆ್ಯನ್ ಅಲಾರಂ" ಎನ್ನುವ ಇಂಗ್ಲಿಷಿನಲ್ಲಿ ಏನು ಮಾಡಬೇಕೆಂಬುದು ಮೊದಲ ಮಾತಿನಲ್ಲೇ ತಿಳಿದುಬಿಡುತ್ತದೆ. ನಮ್ಮಲ್ಲಿ ಅದು ಬರುವುದೇ ಕೊನೆಗೆ. ಬೇಡ ಎನ್ನುವುದೂ ಕೊನೆಗೇ. "ಚಿಕ್ಕಮ್ಮನಿಗೆ ಫೋನ್ ಮಾಡುವುದು... ಈಗ ಬೇಡ" ಎಂದು ಅಮ್ಮ ಹೇಳಿ ಮುಗಿಸುವ ಮುನ್ನವೇ ಕರೆ ಹೋಗಿ, ರಾತ್ರಿ ಹನ್ನೊಂದಕ್ಕೆ ಶಿವಮೊಗ್ಗದಲ್ಲಿ ಚಿಕ್ಕಮ್ಮ ಗಾಬರಿಯಿಂದ ಎದ್ದು ಕುಳಿತಿದ್ದರು.

2009ರಲ್ಲಿ ಪ್ರಕಟವಾದ ಹತ್ತು ಭಾಷೆಗಳ ಅಧ್ಯಯನವೊಂದರ ಪ್ರಕಾರ, ಸಂಭಾಷಣೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ನಮ್ಮ ಹಾಗೆಯೇ ಕ್ರಿಯಾಪದವನ್ನು ಕೊನೆಗಿಡುವ ಜಪಾನಿ, ಕೊರಿಯನ್ ಭಾಷೆಗಳೂ ಆ ಹತ್ತರಲ್ಲಿವೆ. ಮೌನಕ್ಕಾಗಿ ಕಾಯುತ್ತ ಕುಳಿತರೆ ಇಷ್ಟು ಬೇಗ ಉತ್ತರ ಕೊಡಲಾಗದು. ಎದುರಿನವರ ಮಾತು ಎಲ್ಲಿ ಮುಗಿಯುತ್ತದೆಂದು ರಾಗದಿಂದ, ವಾಕ್ಯದ ಓಟದಿಂದ ನಾವು ಮೊದಲೇ ಊಹಿಸುತ್ತೇವೆ. "ಐದೂಕಾಲಿಗೆ" ಎಂದು ಚತುರ್ಥಿ ವಿಭಕ್ತಿಯಲ್ಲಿ ಯಾರಾದರೂ ನಿಂತರೆ ನಮ್ಮಲ್ಲಿ ಮಗುವೂ ನಡುವೆ ಬಾಯಿ ಹಾಕುವುದಿಲ್ಲ.

ಇನ್ನೊಂದು ಕಿರಿಕಿರಿ, "ಕ್ಷಮಿಸಿ, ಅರ್ಥವಾಗಲಿಲ್ಲ". ಯಾವುದು ಅರ್ಥವಾಗಲಿಲ್ಲ? ಅಂಗಡಿಯವನಾದರೆ "ಎಷ್ಟು ಕೆಜಿ ಅಂದಿರಿ?" ಎಂದು ತಪ್ಪಿದ್ದನ್ನಷ್ಟೇ ಕೇಳುತ್ತಾನೆ. ಇದಕ್ಕೆ ಇಡೀ ವಾಕ್ಯವನ್ನು ಮೊದಲಿನಿಂದ ಒಪ್ಪಿಸಬೇಕು.

ಒಂದರಿಂದ ಮೂರಕ್ಕೆ ಏರಿದ್ದು ಹೇಗೆಂದರೆ, ಮೊದಲು ಐದೂಕಾಲು ಎಂದರೆ ಐದಕ್ಕೇ ಅಲಾರಂ ಇಟ್ಟು ಕಾಲನ್ನು ಕತ್ತರಿಸಿ ಬಿಸಾಡುತ್ತಿತ್ತು. ಈಗ ಕಾಲು, ಅರೆ, ಮುಕ್ಕಾಲು ಮೂರೂ ಗೊತ್ತು. ಜೊತೆಗೆ "ಬೆಳಿಗ್ಗೆ ಐದು ಹದಿನೈದಕ್ಕೆ ಅಲಾರಂ ಇಟ್ಟಿದ್ದೇನೆ" ಎಂದು ತಿರುಗಿ ಹೇಳುವುದರಿಂದ, ಪರದೆ ಓದಲಾಗದ ಅಮ್ಮನಿಗೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬಳಸುವವರಿಗೆ ಒಂದು ಮಾತು: ಫೋನಿನಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಉಳಿಸಿಕೊಳ್ಳಿ. ನಮ್ಮ ಮನೆಯಲ್ಲಿ ತಪ್ಪು ಕರೆಗಳು ಅರ್ಧಕ್ಕರ್ಧ ಇಳಿದದ್ದು ಹಾಗೆ ಮಾಡಿದ ಮೇಲೆ.

ಸರದಿಯ ತೊಂದರೆ ಮಾತ್ರ ಹಾಗೆಯೇ ಇದೆ. ಅದಕ್ಕೆ ಅಮ್ಮನೇ ಉಪಾಯ ಕಂಡುಕೊಂಡರು. ಕ್ರಿಯಾಪದವನ್ನು ಮುಂದಕ್ಕೆ ಎಳೆದು "ಎಬ್ಬಿಸು ನಾಳೆ ಬೆಳಿಗ್ಗೆ ಐದೂಕಾಲಿಗೆ" ಎನ್ನುತ್ತಾರೆ, ಒಂದೇ ಉಸಿರಿನಲ್ಲಿ. ಕೆಲಸ ಆಗುತ್ತದೆ. ಮೊನ್ನೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಕೂಗಿದರು: "ತೆಗೆದುಕೊಂಡು ಬಾ ಕೊತ್ತಂಬರಿ ಸೊಪ್ಪು ಎರಡು ಕಟ್ಟು!"