ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ಓರೆಯಾಗಿ ರಸ್ತೆ ದಾಟುವ ವ್ಯವಸ್ಥೆ: ಒಂದು ವಿಮರ್ಶೆ

ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್ ಮತ್ತು ರೀಜೆಂಟ್ ಸ್ಟ್ರೀಟ್ ಕೂಡುವ ಆಕ್ಸ್‌ಫರ್ಡ್ ಸರ್ಕಸ್ ಜಂಕ್ಷನ್ನಿನಲ್ಲಿ ಪಾದಚಾರಿಗಳು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ದಾಟಬಹುದು. ಟೋಕಿಯೋದ ಶಿಬುಯಾ ಜಂಕ್ಷನ್ನಿನಿಂದ ಪ್ರೇರಣೆ ಪಡೆದು, ಸುಮಾರು 50 ಲಕ್ಷ ಪೌಂಡ್ ವೆಚ್ಚದಲ್ಲಿ ರೂಪಿಸಿದ ಈ ವ್ಯವಸ್ಥೆಯನ್ನು ಆಗಿನ ಮೇಯರ್ ಬೋರಿಸ್ ಜಾನ್ಸನ್ 2009ರ ನವೆಂಬರಿನಲ್ಲಿ ಉದ್ಘಾಟಿಸಿದರು. ಪ್ರವಾಸಿಗರಿಗೆ ಇದು ಫೋಟೋ ತೆಗೆಯುವ ಜಾಗ. ಇಲ್ಲಿ ಮಾತ್ರ ಅದನ್ನು ರಸ್ತೆ ದಾಟಬೇಕಾದವರಿಗೆ ಒದಗಿಸಿದ ಸೌಲಭ್ಯವೆಂದು ತೂಗಿ ನೋಡಿದ್ದೇನೆ.

ವ್ಯವಸ್ಥೆ ಸರಳವಾದದ್ದು. ನಾಲ್ಕೂ ಕಡೆಯ ವಾಹನಗಳಿಗೆ ಒಮ್ಮೆಗೇ ಕೆಂಪು ದೀಪ ಬೀಳುತ್ತದೆ, ನಾಲ್ಕೂ ಮೂಲೆಗಳ ಜನರಿಗೆ ಒಮ್ಮೆಗೇ ಹಸಿರು ಮನುಷ್ಯ ಕಾಣಿಸುತ್ತಾನೆ. ಉದ್ಘಾಟನೆಯ ಸಂದರ್ಭದಲ್ಲಿ ಪ್ರಕಟವಾದ ಲೆಕ್ಕದಂತೆ, ಎರಡು ನಿಮಿಷಕ್ಕೊಮ್ಮೆ ಸುಮಾರು 30 ಸೆಕೆಂಡು ಎಲ್ಲ ವಾಹನಗಳನ್ನೂ ತಡೆಹಿಡಿಯಲಾಗುತ್ತದೆ. ಎರಡು ರಸ್ತೆಗಳನ್ನು ಒಂದಾದ ಮೇಲೊಂದು ದಾಟುವುದಕ್ಕೆ ಹೋಲಿಸಿದರೆ ಕರ್ಣದ ದೂರ ಸುಮಾರು ಶೇ. 30ರಷ್ಟು ಕಡಿಮೆಯೆಂಬುದು ಶಾಲೆಯಲ್ಲಿ ಕಲಿತ ರೇಖಾಗಣಿತ. ಅದಕ್ಕಿಂತ ದೊಡ್ಡ ಲಾಭವೆಂದರೆ ಎರಡನೆಯ ಸಲ ಸಿಗ್ನಲ್ಲಿಗೆ ಕಾಯುವುದು ತಪ್ಪುತ್ತದೆ.

ನನ್ನ ಮಟ್ಟಿಗೆ ಈ ಕಾಮಗಾರಿಯ ಅತ್ಯುತ್ತಮ ಭಾಗ ರಸ್ತೆಯ ಮೇಲೆ ಎಳೆದ ಗುಣಾಕಾರ ಚಿಹ್ನೆಯಂಥ ಗೆರೆಗಳಲ್ಲ, ಫುಟ್‌ಪಾತಿನ ಅಂಚಿನಿಂದ ಕಿತ್ತುಹಾಕಿದ ಕಬ್ಬಿಣದ ಕಟಕಟೆಗಳು. ಸುರಂಗ ರೈಲಿನ ಮೂರು ಮಾರ್ಗಗಳು ಸೇರುವ ನಿಲ್ದಾಣದ ಮೆಟ್ಟಿಲುಗಳು ಈ ಮೂಲೆಗಳಲ್ಲೇ ಬಂದು ತೆರೆದುಕೊಳ್ಳುತ್ತವೆ. ಸಂಜೆ ದಟ್ಟಣೆ ಮಿತಿಮೀರಿದರೆ ನಿಲ್ದಾಣದ ಬಾಗಿಲನ್ನೇ ಸ್ವಲ್ಪ ಹೊತ್ತು ಮುಚ್ಚುವುದುಂಟು. ಹಾಗೆ ಮೇಲೆ ಬಂದ ಜನ ಮೊದಲು ಕಟಕಟೆಯ ಹಿಂದೆ ಒತ್ತಿಕೊಂಡು ನಿಂತು, ಇಕ್ಕಟ್ಟಾದ ಒಂದು ತೆರಪಿನಿಂದಲೇ ರಸ್ತೆಗೆ ಇಳಿಯಬೇಕಿತ್ತು. ಈಗ ಮೂಲೆಯ ಉದ್ದಕ್ಕೂ ಎಲ್ಲಿಂದ ಬೇಕಾದರೂ ಇಳಿಯಬಹುದು. ಪಾದಚಾರಿಯನ್ನು ಕಾಪಾಡುವ ನೆಪದಲ್ಲಿ ಅವನನ್ನೇ ಬೇಲಿಯೊಳಗೆ ಕೂಡಿಹಾಕುವ ಪದ್ಧತಿಯನ್ನು ಇಲ್ಲಿ ಕೈಬಿಟ್ಟಿರುವುದು ಮೆಚ್ಚತಕ್ಕದ್ದು.

ಸುರಕ್ಷತೆಯ ವಿಷಯದಲ್ಲಿ ಹೊಗಳಿಕೆಗೆ ಸ್ವಲ್ಪ ಕಡಿವಾಣ ಬೇಕು. ಡೆನ್ವರಿನಲ್ಲೂ ಆಮೇಲೆ 1962ರಿಂದ ನ್ಯೂಯಾರ್ಕಿನಲ್ಲೂ ಸಂಚಾರ ವಿಭಾಗದ ಮುಖ್ಯಸ್ಥರಾಗಿದ್ದ ಹೆನ್ರಿ ಬಾರ್ನ್ಸ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅಮೆರಿಕದ ಬಹುತೇಕ ಜಂಕ್ಷನ್ನುಗಳಲ್ಲಿ ಪಾದಚಾರಿಗೆ ನಡೆಯುವ ಸೂಚನೆ ಬಿದ್ದಾಗಲೂ ಪಕ್ಕದ ರಸ್ತೆಯಿಂದ ತಿರುಗುವ ವಾಹನ ಅವನ ದಾರಿಗೆ ಅಡ್ಡ ಬರಬಹುದಾದ್ದರಿಂದ, ಎಲ್ಲ ವಾಹನಗಳನ್ನೂ ಒಟ್ಟಿಗೆ ತಡೆಯುವುದು ಅಲ್ಲಿ ನಿಜಕ್ಕೂ ಜೀವ ಉಳಿಸುವ ಕ್ರಮ. ಬ್ರಿಟನ್ನಿನಲ್ಲಿ ಹಸಿರು ಮನುಷ್ಯ ಕಂಡಾಗ ಆ ದಾರಿಗೆ ಯಾವ ವಾಹನವನ್ನೂ ಬಿಡುವುದಿಲ್ಲ. ಹೀಗಾಗಿ ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ಸಿಕ್ಕಿರುವುದು ಹೆಚ್ಚಾಗಿ ಅನುಕೂಲ. ಅದರ ಜೊತೆಗೆ, ನಡುರಸ್ತೆಯಲ್ಲಿ ಕಳ್ಳದಾರಿ ಹಿಡಿದು ಓಡುವ ಚಟಕ್ಕೆ ಒಂದು ಅಧಿಕೃತ ದಾರಿ.

ಕೊರತೆಗಳೂ ಇವೆ. ಮೂಲೆಯಿಂದ ಮೂಲೆಗೆ 30 ಮೀಟರ್ ಎಂದು ಇಟ್ಟುಕೊಂಡರೆ, ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 25 ಸೆಕೆಂಡು ಸಾಕು, 0.8 ಮೀಟರ್ ನಡೆಯುವ ವೃದ್ಧರಿಗೆ 37 ಸೆಕೆಂಡಿಗೂ ಹೆಚ್ಚು ಬೇಕು. ಗಾಲಿ ಚೀಲ ಎಳೆದುಕೊಂಡು ಬಂದ ಅಜ್ಜಿಯೊಬ್ಬರು ಮೊದಲ ನೂಕುನುಗ್ಗಲು ಇಳಿಯಲೆಂದು ಬದಿಗೆ ನಿಂತು, ಆಮೇಲೆ ಹೊರಟು, ನಡುವೆ ಎದುರು ದಿಕ್ಕಿನ ಜನರಿಗೆ ಸಿಕ್ಕಿ, ಹಸಿರು ಆರಿದ ಮೇಲೆ ಡಬಲ್ ಡೆಕರ್ ಬಸ್ಸಿನ ಮೂತಿಯ ಮುಂದೆಯೇ ಕೊನೆಯ ಹೆಜ್ಜೆಗಳನ್ನು ಹಾಕಿದ್ದನ್ನು ನೋಡಿದೆ. ಚಾಲಕ ತಾಳ್ಮೆಯಿಂದ ಕಾದ. ಸೌಲಭ್ಯದ ಗುಣಮಟ್ಟ ಚಾಲಕನ ಸೌಜನ್ಯದ ಮೇಲೆ ನಿಲ್ಲಬಾರದು. ಇಂಥವರು ಓರೆದಾರಿಯನ್ನು ಬಿಟ್ಟು ನೇರ ದಾರಿಯಲ್ಲೇ ಎರಡು ಸಲ ದಾಟುವುದು ಒಳ್ಳೆಯದು.

ದೃಷ್ಟಿಹೀನರ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಬ್ರಿಟನ್ನಿನ ಅನೇಕ ಸಿಗ್ನಲ್ ಕಂಬಗಳಲ್ಲಿ ಗುಂಡಿಯ ಪೆಟ್ಟಿಗೆಯ ಅಡಿಗೆ ಬೆರಳಿಗೆ ಸಿಗುವ ಪುಟ್ಟ ಶಂಕುವೊಂದು ಇರುತ್ತದೆ. ಹಸಿರು ಬಿದ್ದಾಗ ಅದು ತಿರುಗುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಯಾವಾಗ ಹೊರಡಬೇಕೆಂದು ಅದು ಹೇಳಬಲ್ಲದು, ಯಾವ ದಿಕ್ಕಿಗೆ ಎಂದು ಹೇಳಲಾರದು. ನೇರವಾಗಿ ದಾಟುವಾಗ ಎದುರಿನ ಫುಟ್‌ಪಾತಿನ ಅಂಚು ಬೇಗ ಕೋಲಿಗೆ ಸಿಗುತ್ತದೆ. ಓರೆಯಾಗಿ ಹೋಗುವಾಗ, ಎಲ್ಲ ಕಡೆಯಿಂದ ಜನ ಬರುವ ವಿಶಾಲ ಬಯಲಿನಲ್ಲಿ, ಸ್ವಲ್ಪ ದಿಕ್ಕು ತಪ್ಪಿದರೂ ಅಂಚು ಸಿಗುವುದು ಕಷ್ಟ.

ಇನ್ನು ಕಾಯುವ ಸಮಯ. ನಾಲ್ಕೂ ಕಡೆ ತಡೆದ 30 ಸೆಕೆಂಡಿನ ಭಾರ ಉಳಿದ ಹೊತ್ತಿನ ಮೇಲೆ ಬೀಳುವುದರಿಂದ, ಒಂದೇ ರಸ್ತೆ ದಾಟಬೇಕಾದವರಿಗೂ ಕಾಯುವುದು ತಪ್ಪುವುದಿಲ್ಲ. ಬೇಸತ್ತ ಕೆಲವರು ಕೆಂಪಿನಲ್ಲೇ ನುಗ್ಗುತ್ತಾರೆ. ಟೊರಾಂಟೊ ನಗರ ಬೇ ಮತ್ತು ಬ್ಲೂರ್ ರಸ್ತೆಗಳ ಜಂಕ್ಷನ್ನಿನಲ್ಲಿ 2010ರಲ್ಲಿ ಆರಂಭಿಸಿದ ಇಂಥದೇ ವ್ಯವಸ್ಥೆಯನ್ನು 2015ರಲ್ಲಿ ತೆಗೆದುಹಾಕಿತು. ಜನಸಂದಣಿ ನಿಜವಾಗಿಯೂ ಭಾರಿಯಾಗಿರುವಲ್ಲಿ ಮಾತ್ರ ಈ ವೆಚ್ಚ ಸಾರ್ಥಕ, ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ಅಂಥ ಸಂದಣಿಯಿದೆ.

ಬೆಂಗಳೂರಿಗೂ ಇದು ಬೇಕೆಂದು ಕೇಳುವವರು ಮೊದಲು ನಮ್ಮ ‘ಫ್ರೀ ಲೆಫ್ಟ್’ ಅನ್ನು ನೆನೆಯಬೇಕು. ಕೆಂಪು ದೀಪವಿದ್ದರೂ ಎಡಕ್ಕೆ ತಿರುಗುವ ವಾಹನಗಳನ್ನು ಬಿಟ್ಟುಕೊಡುವ ಜಂಕ್ಷನ್ನಿನಲ್ಲಿ ಓರೆಗೆರೆ ಎಳೆದರೆ, ನಡುರಸ್ತೆಯನ್ನು ಕ್ಷೇಮವಾಗಿ ದಾಟಿ ಬಂದವರು ಕೊನೆಯ ನಾಲ್ಕು ಹೆಜ್ಜೆಯಲ್ಲಿ ಆಟೋ, ಬೈಕುಗಳ ನಡುವೆ ಸಿಕ್ಕಿಬೀಳುತ್ತಾರೆ.